ಕಟ್ಟೆಯವಳ ಡೋಲು

ಬಾಚಣಿಗೆ ಮಾರುವವನು ನನ್ನ ಮುಖಕ್ಕೆ ನೇರವಾಗಿ ಸೀನಿದ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಊರಿಗೆ ಬರುವವರೆಲ್ಲ ಮೊದಲು ನನ್ನ ಮುಖಕ್ಕೆ ಸೀನಲಿ, ಕೆಮ್ಮಲಿ ಎಂದೇ ಸಮಿತಿಯವರು ನನ್ನನ್ನು ಗಡಿಕಟ್ಟೆಯ ಮೇಲೆ ಕೂರಿಸಿರುವುದು. ಬಸ್ಸು ಊರ ಹೊರಗೆ ನಿಲ್ಲುತ್ತದೆ. ಇಳಿದವರು ಒಬ್ಬೊಬ್ಬರಾಗಿ ನನ್ನ ಎದುರು ಕೂತು ಒಂದು ಲೋಟ ಮಜ್ಜಿಗೆ ಕುಡಿದು, ಎಲ್ಲಿಂದ ಬಂದಿರಿ, ಮಕ್ಕಳೆಷ್ಟು, ಮಳೆ ಹೇಗಿದೆ ಎಂಬ ನನ್ನ ಪ್ರಶ್ನೆಗಳಿಗೆ ಬಾಯಿ ತುಂಬ ಉತ್ತರ ಕೊಡಬೇಕು. ಅವರೊಳಗೆ ನೆಗಡಿ ಇದ್ದರೆ ಅಷ್ಟರಲ್ಲಿ ಅದು ನನ್ನೊಳಗೆ ಬಂದಿರುತ್ತದೆ, ಮತ್ತು ಲೋಟ ಖಾಲಿಯಾಗುವ ಮೊದಲೇ ನನ್ನ ಎದೆಯಲ್ಲಿ ಡೋಲು ಶುರುವಾಗಿರುತ್ತದೆ. ಬೇರೆ ಹೆಂಗಸರಿಗೆ ಒಂದು ರಾತ್ರಿಯಾದರೂ ಬೇಕು. ನನಗೆ ಒಂದು ಲೋಟ ಮಜ್ಜಿಗೆ ಸಾಕು. ಅದಕ್ಕೇ ಕಟ್ಟೆಯ ಕೆಲಸ ನನ್ನದು.

ನಮ್ಮೂರಲ್ಲಿ ನೆಗಡಿಯಾದವರ ಎದೆಯಲ್ಲಿ ಡೋಲು ಬಾರಿಸುತ್ತದೆ. ಮೈಯೊಳಗಿನವರು ಹೊರಗಿನಿಂದ ಬಂದವನನ್ನು ಹಿಡಿದು ಬಡಿಯುವ ಸದ್ದು ಅದು ಎನ್ನುತ್ತಾರೆ. ಇರಬಹುದು. ಚಿಕ್ಕ ಮಕ್ಕಳಲ್ಲಿ ಹುಡುಗನದಾಗಲಿ ಹುಡುಗಿಯದಾಗಲಿ ಒಂದೇ ಥರದ ಟಿಮಿಟಿಮಿ. ಹುಡುಗಿ ದೊಡ್ಡವಳಾದ ವರ್ಷ ಅವಳ ಡೋಲಿಗೆ ಹೊಸ ಚರ್ಮ ಕಟ್ಟಿದ ಹಾಗಾಗುತ್ತದೆ. ಬೀದಿಯ ಈ ತುದಿಯಲ್ಲಿ ಬಾರಿಸಿದರೆ ಆ ತುದಿಯ ನಾಯಿ ಎದ್ದು ಕೂರುತ್ತದೆ. ಹುಡುಗನಿಗೆ ಗಂಟಲು ಒಡೆದು ಮೀಸೆ ಮೂಡುವ ಹೊತ್ತಿಗೆ ಅವನ ಡೋಲು ಸೋಮಾರಿಯಾಗುತ್ತದೆ. ನೆಗಡಿ ಬಂದು, ಗಂಟಲಲ್ಲಿ ಚಾಪೆ ಹಾಸಿ, ಎದೆಗಿಳಿದು ಒಲೆ ಹೂಡಿದ ಮೇಲೆ ಗಂಡಸಿನ ಡೋಲು ಆಕಳಿಸಿಕೊಂಡು ಎದ್ದು, ಯಾರದು ಅಲ್ಲಿ ಎಂದು ಕೇಳುತ್ತದೆ. ಮೀಸೆ ದೊಡ್ಡದಾದಷ್ಟೂ ತಡ. ನಮ್ಮಲ್ಲಿ ಹೆಣ್ಣಿನ ಕಡೆಯವರು ಹುಡುಗನ ಮೀಸೆ ನೋಡಿದ ಮೇಲೆ ಅವನ ಮನೆಯ ಅಟ್ಟ ಗಟ್ಟಿಯಾಗಿದೆಯೇ ಎಂದು ಏಣಿ ಹತ್ತಿ ನೋಡಿಕೊಂಡು ಬರುತ್ತಾರೆ.

ಅಟ್ಟದ ವಿಷಯ ಹೇಳಲೇಬೇಕು. ಕಟ್ಟೆಯಲ್ಲಿ ನನ್ನ ಡೋಲು ಕೇಳಿಸಿದ ಕೂಡಲೇ ಊರಿನ ಗಂಡಸರೆಲ್ಲ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಮನೆಗೆ ಓಡಿ ಅಟ್ಟ ಹತ್ತುತ್ತಾರೆ. ನೆಗಡಿ ಊರು ದಾಟಿಹೋಗುವವರೆಗೆ ಇಳಿಯುವ ಹಾಗಿಲ್ಲ. ಮೇಲೆ ಹಾಸಿಗೆ, ದಿಂಬು, ಇಸ್ಪೀಟು ಎಲ್ಲ ಇರುತ್ತದೆ. ಕೆಳಗೆ ಹೆಂಗಸರು ಸೀನಿಕೊಂಡು, ಡೋಲು ಬಾರಿಸಿಕೊಂಡು, ಅದೇ ಲಯದಲ್ಲಿ ಮುದ್ದೆ ತಿರುವಿಕೊಂಡು, ಅಂಗಡಿ, ಗಿರಣಿ, ಕಚೇರಿ ಎಲ್ಲವನ್ನೂ ನಡೆಸುತ್ತಾರೆ. ಹೊತ್ತು ಹೊತ್ತಿಗೆ ಹಗ್ಗದ ಬುಟ್ಟಿಯಲ್ಲಿ ಗಂಜಿ ಮೇಲೆ ಹೋಗುತ್ತದೆ. ಆಮೇಲೆ ಮೇಲಿನಿಂದ ಬರುವ ಮಾತು ಊರಿನ ಎಲ್ಲ ಮನೆಗಳಲ್ಲೂ ಒಂದೇ, ಗಂಜಿಗೆ ಉಪ್ಪು ಸಾಲದು ಎಂದು. ನಾನು ಮದುವೆಯಾಗಿ ಬಂದ ವರ್ಷ ಆ ಮಾತಿಗೆ ಅತ್ತಿದ್ದೆ. ಮರುವರ್ಷ ಉಪ್ಪು ಜಾಸ್ತಿ ಹಾಕಿ ಕಳಿಸಿದೆ. ಅದಕ್ಕೂ ಉಪ್ಪು ಸಾಲದು ಎಂದೇ ಬಂತು.

ಹೆಂಗಸರ ಡೋಲು ಬರೀ ಸುಖದ್ದು ಎಂದು ಯಾರೂ ತಿಳಿಯಬಾರದು. ಪಕ್ಕದ ಮನೆಯ ತಿಮ್ಮಾಜಮ್ಮನಿಗೆ ಯಾವುದೋ ಹಳೆಯ ನೆಗಡಿಗೆ ಶುರುವಾದ ಡೋಲು ನಿಲ್ಲಲೇ ಇಲ್ಲ. ಬಂದವನು ಹೋಗಿ ಎಷ್ಟೋ ಕಾಲವಾದರೂ ಒಳಗಿನವರು ಬಡಿಯುವುದನ್ನು ಬಿಡದೆ, ಈಗ ಅವಳ ಬೆರಳಿನ ಗೆಣ್ಣುಗಳನ್ನೇ ಬಡಿಯುತ್ತಿದ್ದಾರೆ. ಪಾಪ, ಅವಳಿಗೆ ಹಿಟ್ಟು ನಾದಲು ಆಗುವುದಿಲ್ಲ. ಸರ್ಕಾರದವರು ಬಂದು ತೋಳಿಗೆ ಸೂಜಿ ಹಾಕಿದಾಗಲೂ ಹೀಗೇ ಆಯಿತು. ಹೆಂಗಸರ ತೋಳೆಲ್ಲ ಬೋಂಡಾದ ಹಾಗೆ ಊದಿ, ಮೈ ಕಾದು, ಇಡೀ ಊರು ಮದುವೆ ಮೆರವಣಿಗೆಯ ಹಾಗೆ ಗುಡುಗುಟ್ಟಿತು. ಗಂಡಸರು ಮಾತ್ರ ತೋಳು ಬೀಸಿಕೊಂಡು ಓಡಾಡಿದರು. ನಮಗೇನೂ ಆಗಲಿಲ್ಲ ನೋಡಿ ಎಂದು ಸಮಿತಿಯ ಅಧ್ಯಕ್ಷ ಬೋರಲಿಂಗಯ್ಯ ಗರಡಿಮನೆಯ ಮುಂದೆ ನಿಂತು ಹೇಳಿಕೊಂಡರು. ಸೂಜಿ ಹಾಕಿದ ನರ್ಸಮ್ಮ ಮಾತ್ರ, ಏನೂ ಆಗದೇ ಇರೋದೇ ಸ್ವಲ್ಪ ಯೋಚನೆ ಮಾಡೋ ವಿಷಯ ಸ್ವಾಮಿ ಎಂದು ಗೊಣಗಿಕೊಂಡು ಬಸ್ಸು ಹತ್ತಿದಳು.

ಬಾಚಣಿಗೆಯವನು ಸೀನಿದ್ದು ಗುರುವಾರ. ಒಂದಲ್ಲ, ಎರಡಲ್ಲ, ಲೋಟ ಕೆಳಗಿಡುವವರೆಗೂ ಸೀನಿದ. ಕಣ್ಣು ಕೆಂಪಗೆ, ಮೂಗು ಬದನೆಕಾಯಿಯ ಹಾಗೆ. ನಾನು ಎದೆಯ ಮೇಲೆ ಕೈಯಿಟ್ಟುಕೊಂಡು ಕಾದೆ. ಏನೂ ಇಲ್ಲ. ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು, ಅವನ ಅತ್ತೆ ಮಾವನ ವಿಚಾರವನ್ನೂ ಕೇಳಿದೆ. ಆಗಲೂ ಇಲ್ಲ. ಕಟ್ಟೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ನಿಯಮ ಬರೆದಿದೆ: ಡೋಲು ಕೇಳಿದರೆ ಅಟ್ಟ, ಕೇಳದಿದ್ದರೆ ದಾರಿ ಬಿಡುವುದು. ಅವನೇ ಅದನ್ನು ಓದಿ, ಹಾಗಾದ್ರೆ ನಾನು ಹೋಗಬಹುದಾ ಅಕ್ಕ ಎಂದ. ನಾನು ತಡೆಯುವಷ್ಟರಲ್ಲಿ ಪೆಟ್ಟಿಗೆ ಹೊತ್ತುಕೊಂಡು ಹೊರಟೇಬಿಟ್ಟ. ನೇರವಾಗಿ ಗರಡಿಮನೆಗೇ ಹೋದನಂತೆ. ನಮ್ಮೂರಿನ ಹೆಮ್ಮೆಯಾದ ಪೈಲ್ವಾನ್ ಕಾಳಸ್ವಾಮಿಯ ಮೀಸೆಯನ್ನು ಹೊಸ ಬಾಚಣಿಗೆಯಿಂದ ಬಾಚಿ ತೋರಿಸಿ ವ್ಯಾಪಾರ ಮಾಡಿಕೊಂಡು, ಸಂಜೆಯ ಬಸ್ಸಿಗೆ ಹೋದ.

ಶುಕ್ರವಾರ ಬೆಳಗ್ಗೆ ಎದ್ದರೆ ನನ್ನ ಗಂಟಲಲ್ಲಿ ಮುಳ್ಳು, ಮೂಗು ಸೋರುತ್ತಿದೆ, ಮೈ ಬಿಸಿ. ಎದೆ ಮಾತ್ರ ಮುಚ್ಚಿದ ಅಂಗಡಿಯ ಹಾಗೆ ಸುಮ್ಮನಿದೆ. ಆಗ ನನಗೆ ಅರ್ಥವಾಯಿತು. ನನ್ನ ಮುಟ್ಟು ನಿಂತು ಒಂದು ವರ್ಷವಾಗಿತ್ತು. ಬಟ್ಟೆ ಒಗೆಯುವುದು ತಪ್ಪಿತು, ಒಳ್ಳೆಯದೇ ಆಯಿತು ಎಂದು ಖುಷಿಪಟ್ಟುಕೊಂಡಿದ್ದೆ. ಹೋಗುವಾಗ ಅದು ಡೋಲಿನ ಚರ್ಮವನ್ನೂ ಬಿಚ್ಚಿಕೊಂಡು ಹೋಗಿತ್ತು.

ಭಾನುವಾರ ಕುಸ್ತಿ ಇತ್ತು. ಸುತ್ತಲ ಊರುಗಳ ಗಂಡಸರೆಲ್ಲ ಸೇರುವ ಕುಸ್ತಿ. ಒಬ್ಬರನ್ನೊಬ್ಬರು ತಬ್ಬಿ, ಕತ್ತು ಹಿಡಿದು, ಮುಖಕ್ಕೆ ಮುಖ ತಾಗಿಸಿ, ಬುಸುಬುಸು ಉಸಿರು ಬಿಡುವ ಆಟ. ನೆಗಡಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಆ ಕುಸ್ತಿಗೆ ತೀರ್ಪುಗಾರ ನನ್ನ ಗಂಡ ಜವರಪ್ಪ. ಹಗಲೆಲ್ಲ ಹಿಟ್ಟಿನ ಗಿರಣಿ ನಡೆಸುವ ಮನುಷ್ಯ. ಹಿಂದೊಂದು ಚಳಿಗಾಲದಲ್ಲಿ ಅವನು ಮೈ ಸುಡುತ್ತಿದ್ದರೂ ತನ್ನ ಡೋಲು ಇನ್ನೂ ಬಂದಿಲ್ಲ ಎಂದು ಗಿರಣಿಯಲ್ಲೇ ಮೂಟೆ ಹೊತ್ತುಕೊಂಡಿದ್ದ. ಡೋಲು ಬಂದಾಗ ಅವನಿಗೆ ಎದ್ದು ಕೂರಲೂ ಶಕ್ತಿ ಇರಲಿಲ್ಲ. ಹೇಗೋ ಬದುಕಿದ. ಅಂದಿನಿಂದ ಮೆಟ್ಟಿಲು ಹತ್ತಿದರೆ ಅವನ ಎದೆ ಕುಕ್ಕರಿನ ಹಾಗೆ ಸಿಳ್ಳೆ ಹೊಡೆಯುತ್ತದೆ. ಇನ್ನೊಂದು ಸಲ ಹಾಗಾದರೆ ಅವನು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಆದರೆ ಅದನ್ನು ಒಪ್ಪಿಕೊಂಡರೆ ತೀರ್ಪಿನ ಸಿಳ್ಳೆಯನ್ನು ಬೇರೆಯವರ ಬಾಯಿಗೆ ಕೊಡಬೇಕಾಗುತ್ತದಲ್ಲ.

ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಸಮಿತಿಯ ಕಚೇರಿಗೆ ಹೋದೆ. ಬೋರಲಿಂಗಯ್ಯನವರೂ ಕಾರ್ಯದರ್ಶಿ ರಂಗಧಾಮಯ್ಯನವರೂ ಕುಸ್ತಿಯ ಪೆಂಡಾಲಿಗೆ ಯಾವ ಬಣ್ಣದ ಬಟ್ಟೆ ಎಂದು ಚರ್ಚೆ ಮಾಡುತ್ತಿದ್ದರು. ನಾನು ದೂರದಲ್ಲೇ ನಿಂತು, ನನಗೆ ನೆಗಡಿಯಾಗಿದೆ, ಊರಿಗೆ ಬಂದಿದೆ, ಕುಸ್ತಿ ನಿಲ್ಲಿಸಿ ಎಲ್ಲರನ್ನೂ ಅಟ್ಟ ಹತ್ತಿಸಿ ಎಂದೆ. ಡೋಲು ಕೇಳಲೇ ಇಲ್ಲವಲ್ಲ ಎಂದರು ಅಧ್ಯಕ್ಷರು. ಬಂದಿಲ್ಲ, ಆದರೆ ನೆಗಡಿ ಬಂದಿದೆ ಎಂದೆ.

"ಡೋಲಿಲ್ದೆ ನೆಗಡಿ ಹೆಂಗಮ್ಮ ಬರುತ್ತೆ? ಗಂಟೆ ಹೊಡೀದೆ ಸ್ಕೂಲು ಬಿಡುತ್ತಾ?"

ಉತ್ತರ ಹೇಳುವ ಮೊದಲು ನನಗೆ ಸೀನು ಬಂತು. ಸೆರಗು ಗಾಳಿಪಟದ ಹಾಗೆ ಹಾರಿತು. ರಂಗಧಾಮಯ್ಯ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡು, ಅದು ಧೂಳಿನ ಸೀನು ಎಂದು ತೀರ್ಮಾನಿಸಿದರು. ಧೂಳಿಗೆ ಜ್ವರ ಬರುತ್ತದೆಯೇ ಎಂದು ಕೇಳಿದೆ. ಬಿಸಿಲಿನ ತಾಪ ಎಂದರು. ಇನ್ನು ಬೇರೆ ದಾರಿಯಿಲ್ಲ ಎಂದುಕೊಂಡು ನಿಜವನ್ನು ಹೇಳಿಬಿಟ್ಟೆ.

"ನೋಡಿ ಸ್ವಾಮಿ, ನನ್ನ ಮುಟ್ಟು ನಿಂತು ವರ್ಷ ಆಯ್ತು. ಅದು ನಿಂತ ಮೇಲೆ ಹೆಂಗಸಿನ ಡೋಲೂ ನಿಮ್ಮ ಡೋಲಿನ ಥರಾನೇ ಆಗ್ತದೆ. ತಡವಾಗಿ ಬರ್ತದೆ. ಇನ್ಮೇಲೆ ಕಟ್ಟೆ ಮೇಲೆ ನನ್ನ ಕೂರಿಸಿ ಪ್ರಯೋಜನ ಇಲ್ಲ."

ಬೋರಲಿಂಗಯ್ಯನವರು ತಲೆಯ ಮೇಲಿನ ಫ್ಯಾನನ್ನು ಈಗಷ್ಟೇ ಕಂಡವರ ಹಾಗೆ ನೋಡತೊಡಗಿದರು. ರಂಗಧಾಮಯ್ಯನವರು ತಮ್ಮ ಚಪ್ಪಲಿಯ ಉಂಗುಷ್ಠವನ್ನು ಬಗ್ಗಿ ಸರಿಮಾಡಿಕೊಂಡರು; ಅದು ಸರಿಯಾಗಿಯೇ ಇತ್ತು. ಕೊನೆಗೆ, ಇಂಥ ವಿಷಯಗಳನ್ನೆಲ್ಲ ಮಹಿಳಾ ಉಪಸಮಿತಿಗೆ ಕಳಿಸುವುದು ಒಳ್ಳೆಯದು ಎಂದು ಅವರು ನೆಲಕ್ಕೆ ಹೇಳಿದರು. ಅಂಥ ಉಪಸಮಿತಿ ಇರಲಿಲ್ಲ. ಕುಸ್ತಿ ಮುಗಿದ ಮೇಲೆ ರಚಿಸೋಣ ಎಂದರು. ಅಲ್ಲಿಯವರೆಗೆ ನಿಯಮ ನಿಯಮವೇ, ಡೋಲು ಕೇಳದೆ ಅಟ್ಟವಿಲ್ಲ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವನು ಸಿಳ್ಳೆಗೆ ಹೊಸ ದಾರ ಪೋಣಿಸುತ್ತಿದ್ದ. ನನ್ನ ಮಾತನ್ನು ಅವನು ನಂಬಿದ, ಅದೇ ಕಷ್ಟ. ನಂಬದವರ ಜೊತೆ ಜಗಳವಾಡಬಹುದು. ಡೋಲು ಕೇಳದೆ ನಾನೊಬ್ಬನೇ ಅಟ್ಟ ಹತ್ತಿದರೆ ನಾಳೆ ಗಿರಣಿಗೆ ಬಂದವರೆಲ್ಲ ಏಣಿಯ ಮಾತೇ ಆಡುತ್ತಾರೆ, ಕಾಳಸ್ವಾಮಿಯ ಮುಂದೆ ಹೇಗೆ ನಿಲ್ಲಲಿ ಎಂದ. ನಿಂತುಕೊಳ್ಳಲು ಎದೆಯಲ್ಲಿ ಉಸಿರು ಬೇಕಲ್ಲ ಎಂದೆ. ಅವನು ಸಿಳ್ಳೆಯನ್ನು ಒರೆಸಿ ಒರೆಸಿ ಹೊಳಪು ಬರಿಸಿದ. ಅವನಿಗೆ ಬೇರೆ ಚಾಪೆ, ಬೇರೆ ತಟ್ಟೆ ಮಾಡಿಟ್ಟೆ. ಆದರೆ ನಮ್ಮದು ಒಂದೇ ಕೋಣೆಯ ಮನೆ. ಅಟ್ಟ ಬಿಟ್ಟರೆ ಬೇರೆ ಜಾಗವಿಲ್ಲ.

ಶನಿವಾರ ದೊಡ್ಡತಾಯಮ್ಮನ ಮಾಳಿಗೆಯ ಮೇಲೆ ಬೀದಿಯ ಹೆಂಗಸರೆಲ್ಲ ಹಪ್ಪಳ ಒತ್ತುವುದು ರೂಢಿ. ದೊಡ್ಡತಾಯಮ್ಮ ನನಗಿಂತ ಮೊದಲು ಕಟ್ಟೆಯಲ್ಲಿದ್ದವಳು. ನಾನು ಏಣಿಯ ಮೇಲಿನ ಮೆಟ್ಟಿಲಲ್ಲೇ ನಿಂತು, ಹತ್ತಿರ ಬರಬೇಡಿ ಎಂದು ಹೇಳಿ, ಎಲ್ಲವನ್ನೂ ಒಪ್ಪಿಸಿದೆ. ಅವಳು ಲಟ್ಟಣಿಗೆ ಕೆಳಗಿಟ್ಟಳು. ತನ್ನ ಡೋಲೂ ಹೀಗೇ ಒಂದು ವರ್ಷ ಇದ್ದಕ್ಕಿದ್ದಂತೆ ಸುಮ್ಮನಾಗಿತ್ತು ಎಂದಳು. ಆಗ ಊರಿನವರೆಲ್ಲ ಈ ಸಲ ನೆಗಡಿಯೇ ಬರಲಿಲ್ಲ, ಇದು ಪುಣ್ಯದ ಚಳಿಗಾಲ ಎಂದು ಅವಳಿಗೆ ಸೀರೆ ಉಡಿಸಿ, ಹಾರ ಹಾಕಿ ಮೆರವಣಿಗೆ ಮಾಡಿದ್ದರು.

"ಸೀರೆ ಚೆನ್ನಾಗಿತ್ತು ಕಣೆ, ಕೆಂಪಾಜಿ. ಆ ಚಳಿಗಾಲ ಮುಗಿಯೋ ಹೊತ್ಗೆ ಊರಲ್ಲಿ ಸೈಕಲ್ಲುಗಳು ಅಗ್ಗಕ್ಕೆ ಸಿಕ್ಕೋಕೆ ಶುರುವಾದ್ವು."

ಜವರಪ್ಪ ಓಡಿಸುವ ಸೈಕಲ್ಲು ಆ ಚಳಿಗಾಲದ್ದೇ. ತುಳಿಯುವವರಿಲ್ಲದೆ ಒಂದು ಮನೆಯ ಗೋಡೆಗೆ ಒರಗಿ ನಿಂತಿತ್ತೆಂದು ಅವನ ಅಪ್ಪ ತಂದುಕೊಟ್ಟಿದ್ದರಂತೆ.

ಆಮೇಲೆ ದೊಡ್ಡತಾಯಮ್ಮನೇ, ಅವರಿಗೆ ಡೋಲು ತಾನೆ ಬೇಕು, ಕೊಡೋಣ ಬಿಡಿ ಎಂದಳು. ಒಂದು ಚೊಂಬು ಮಜ್ಜಿಗೆ ತರಿಸಿ, ಮೊದಲು ನೀನು ಎಂಜಲು ಮಾಡು ಎಂದು ನನಗೆ ಕೊಟ್ಟಳು. ನಾನು ಕುಡಿದು, ಅವಳು ಹೇಳಿದಂತೆ ಅದರೊಳಕ್ಕೆ ಒಂದು ಸೀನನ್ನೂ ಸೀನಿದೆ. ಇಷ್ಟು ಮರ್ಯಾದೆಯಿಂದ ಯಾರೂ ನನ್ನ ಸೀನನ್ನು ಕಾದಿರಲಿಲ್ಲ. ಯಾರು ಕುಡಿಯಬಹುದು, ಯಾರು ಕೂಡದು ಎಂದು ಮಾತಾಯಿತು. ಗಂಗಾಮಣಿ ಕೈ ಚಾಚಿದಳು, ಅವಳ ಕೈಗೆ ಏಟು ಬಿತ್ತು. ಅವಳು ಬಸುರಿ. ಒಳಗಿನ ಮಗು ಬೆಚ್ಚದಿರಲೆಂದು ಬಸುರಿಯ ಡೋಲಿಗೆ ಮೈಯೇ ಬಟ್ಟೆ ಸುತ್ತಿರುತ್ತದೆ. ಅವಳಿಗೆ ನೆಗಡಿ ಎಂದರೆ ಆಟವಲ್ಲ. ಅವಳನ್ನು ಅಲ್ಲಿಂದಲೇ ತವರಿಗೆ ಕಳಿಸಿದರು. ತಿಮ್ಮಾಜಮ್ಮ, ನಂದು ಹೆಂಗೂ ಬಾರಿಸ್ತಾನೇ ಇದೆಯಲ್ಲ ಎಂದಳು. ನಿನ್ನ ಡೋಲಿಗೆ ಈಗ ಆಕಾಶವಾಣಿಗಿರುವಷ್ಟೂ ಬೆಲೆ ಇಲ್ಲ, ಯಾರೂ ತಿರುಗಿ ನೋಡುವುದಿಲ್ಲ ಎಂದು ಎಲ್ಲರೂ ನಕ್ಕರು, ಅವಳೂ ನಕ್ಕಳು. ಮುಟ್ಟು ನಿಂತವರು ಹಿಂದೆ ಸರಿದರು. ಉಳಿದವರು ಚೊಂಬನ್ನು ಕೈಯಿಂದ ಕೈಗೆ ದಾಟಿಸುತ್ತ ಮೂಗು ಮುಚ್ಚಿಕೊಂಡು ಒಂದೊಂದು ಗುಟುಕು ಕುಡಿದರು. ಮೂಲೆಯಲ್ಲಿ ಕೂತಿದ್ದ ಬೋರಲಿಂಗಯ್ಯನವರ ಹೆಂಡತಿ ರಾಜಮ್ಮಣ್ಣಿಯನ್ನು ಯಾರೂ ಕರೆದಿರಲಿಲ್ಲ. ಅವಳೇ ಎದ್ದು ಬಂದು ಎರಡು ಗುಟುಕು ಕುಡಿದು, ಹಿಂಗು ಸ್ವಲ್ಪ ಜಾಸ್ತಿಯಾಯಿತು ಎಂದು ಹೇಳಿ ಹೋಗಿ ಕೂತಳು.

ಚೊಂಬು ಕೊನೆಗೆ ನನ್ನ ಮಗಳು ಸುಗುಣಳ ಕೈಗೆ ಬಂತು. ಅವಳು ದೊಡ್ಡವಳಾಗಿ ಎರಡು ವರ್ಷ. ನಾನು ಬೇಡ ಎಂದೆ. ಅವಳಿಗೆ ಏನೂ ಆಗುವುದಿಲ್ಲ, ಎರಡು ದಿನ ಸೀನಿ ಎದ್ದುಬಿಡುತ್ತಾಳೆ ಎಂದು ಎಲ್ಲರೂ ಹೇಳಿದರು. ನನಗೂ ಗೊತ್ತು. ಊರಿನವರ ಸೀನನ್ನೆಲ್ಲ ಇಷ್ಟು ವರ್ಷ ನಾನೇ ಮುಖವೊಡ್ಡಿ ತೆಗೆದುಕೊಂಡದ್ದು ಇವಳ ತನಕ ಬರದಿರಲಿ ಎಂದು ತಾನೆ? ಇಲ್ಲಿ ನೋಡಿದರೆ ನನ್ನದೇ ಸೀನು ಅವಳ ಕೈಯಲ್ಲಿತ್ತು.

"ಇಡು ಕೆಳಗೆ ಅದನ್ನ," ಎಂದೆ.

"ನಿನಗೆ ಅವರು ಗಂಡ ಆದ್ರೆ ನನಗೆ ಅಪ್ಪ ಅಲ್ವೇನಮ್ಮ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ತಳದಲ್ಲಿದ್ದ ಕರಿಬೇವಿನ ಸಮೇತ ಕುಡಿದುಬಿಟ್ಟಳು.

ಭಾನುವಾರ ಪೆಂಡಾಲಿಗೆ ಕೊನೆಗೂ ಹಳದಿ ಬಟ್ಟೆಯೇ ಬಂದಿತ್ತು. ಗಂಡಸರು ಕಿಕ್ಕಿರಿದಿದ್ದರು. ನಾನು ದೂರದ ಹುಣಸೆಮರದ ಬುಡದಲ್ಲಿ, ಮುಖದ ತುಂಬ ಸೆರಗು ಸುತ್ತಿಕೊಂಡು ನಿಂತೆ. ಜ್ವರ ಏರುತ್ತಲೇ ಇತ್ತು. ಹೆಂಗಸರು ಹಪ್ಪಳ, ಚಕ್ಕುಲಿಯ ಡಬ್ಬ ಹಿಡಿದು ಪೆಂಡಾಲಿನ ಹಿಂದೆ ಸಾಲಾಗಿ ಕೂತಿದ್ದರು. ಎಲ್ಲರ ಮೂಗಿನ ತುದಿ ಕೆಂಪಾಗಿತ್ತು, ಎದೆ ಮಾತ್ರ ಸುಮ್ಮನಿತ್ತು. ಒಂದು ರಾತ್ರಿ ಕಳೆದಿತ್ತು, ಬರಬೇಕಿತ್ತು. ಜವರಪ್ಪ ಬಿಳಿ ಅಂಗಿ ತೊಟ್ಟು ಅಖಾಡದ ನಡುವೆ ಬಂದು ನಿಂತ. ಒಂದು ಕಡೆಯಿಂದ ಕಾಳಸ್ವಾಮಿ ತೊಡೆ ತಟ್ಟಿಕೊಂಡು ಬಂದ. ಹೊಸ ಬಾಚಣಿಗೆಯ ಮೀಸೆ ಹೊಳೆಯುತ್ತಿತ್ತು, ಕಣ್ಣು ಬೆಂಕಿಯ ಹಾಗೆ ಕೆಂಪಾಗಿತ್ತು. ಏನು ರೋಷ ನೋಡಿ ಎಂದು ಜನ ಚಪ್ಪಾಳೆ ತಟ್ಟಿದರು. ಅದು ರೋಷವಲ್ಲ ಎಂದು ತಿಳಿದವಳು ಮರದಡಿಯಲ್ಲಿ ನಾನೊಬ್ಬಳೇ. ಅವನು ರೂಢಿಯಂತೆ ತೀರ್ಪುಗಾರನನ್ನು ತಬ್ಬಿಕೊಳ್ಳಲು ಎರಡೂ ತೋಳು ಚಾಚಿದ. ನನ್ನ ಗಂಡ ಸಿಳ್ಳೆಯನ್ನು ಬಾಯಿಂದ ತೆಗೆದು ಒಂದು ಹೆಜ್ಜೆ ಮುಂದೆ ಬಂದ.

ಆಗ ಕೇಳಿಸಿತು. ತೆಳ್ಳಗೆ, ಚುರುಕಾಗಿ, ಹೊಸ ತಮಟೆಯ ಹಾಗೆ. ಸುಗುಣ ಎದ್ದು ನಿಂತಿದ್ದಳು. ಅವಳ ಲಂಗದ ಅಂಚು ಸಹ ಆ ಏಟಿಗೆ ಅದುರುತ್ತಿತ್ತು. ಜವರಪ್ಪ ಮಗಳ ಡೋಲನ್ನು ಗುರುತು ಹಿಡಿದು ನಿಂತಲ್ಲೇ ನಿಂತ. ಕಾಳಸ್ವಾಮಿಯ ತೋಳು ಗಾಳಿಯಲ್ಲೇ ಉಳಿಯಿತು. ಬೋರಲಿಂಗಯ್ಯನವರು ಮೈಕು ಹಿಡಿದು, ಯಾರೂ ಏಳಬೇಡಿ, ಇದು ಕಟ್ಟೆಯ ಡೋಲಲ್ಲ, ಖಾಸಗಿ ಡೋಲು, ನಿಯಮಕ್ಕೆ ಬರುವುದಿಲ್ಲ ಎಂದರು. ಅವರ ಮಾತು ಮುಗಿಯುವ ಮೊದಲೇ ಚಕ್ಕುಲಿ ಡಬ್ಬದವಳ ಎದೆ ಗುಡುಗಿತು. ಅವಳ ಪಕ್ಕದವಳದು. ಅದರ ಪಕ್ಕ. ಸಾಲಿನ ಈ ತುದಿಯಿಂದ ಆ ತುದಿಗೆ ಬೆಂಕಿ ಹತ್ತಿದ ಹಾಗೆ ಡೋಲು ಹತ್ತಿಕೊಂಡು, ಪೆಂಡಾಲಿನ ಹಳದಿ ಬಟ್ಟೆ ಪಟಪಟ ಬಡಿಯತೊಡಗಿತು. ಅಧ್ಯಕ್ಷರು ಆಗಲೂ ಮೈಕು ಬಿಡದೆ, ಖಾಸಗಿ, ಖಾಸಗಿ ಎನ್ನುತ್ತಿದ್ದರು. ಕೊನೆಯ ಡೋಲು ಅವರ ಕುರ್ಚಿಯ ಬೆನ್ನಿಗೇ ಬಂತು. ರಾಜಮ್ಮಣ್ಣಿ ಮುಂದಕ್ಕೆ ಬಾಗಿ ಅವರ ಕೈಯಿಂದ ಮೈಕು ತೆಗೆದುಕೊಂಡಳು.

"ರೀ, ನಂದೂ ಬಂತು. ಏಳ್ತೀರೋ, ಇಲ್ಲ ನಿಮ್ಮ ಜರಿಪೇಟದ ಮೇಲೇ ಸೀನಲೋ?"

ಊರಿನ ಗಂಡಸರು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಹೊರ ಊರಿನವರು ಬಂದ ಬಸ್ಸಿಗೇ ಹತ್ತಿದರು. ಅರ್ಧ ಗಳಿಗೆಯಲ್ಲಿ ಅಖಾಡದಲ್ಲಿ ಉಳಿದದ್ದು ಚಪ್ಪಲಿಗಳು, ಮತ್ತು ಏನಾಯಿತೆಂದು ತಿಳಿಯದೆ ತೊಡೆ ತಟ್ಟುತ್ತಲೇ ಇದ್ದ ಕಾಳಸ್ವಾಮಿ. ಅವನ ತಾಯಿ ಬಂದು ಕಿವಿ ಹಿಡಿದು ಕರೆದುಕೊಂಡು ಹೋದಳು. ಬೋರಲಿಂಗಯ್ಯನವರು ಅಟ್ಟದ ಬಾಯಲ್ಲಿ ಹೊಟ್ಟೆ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಕೆಳಗೂ ಇಲ್ಲ, ಮೇಲೂ ಇಲ್ಲ ಎಂಬಂತಿದ್ದರಂತೆ. ಜವರಪ್ಪನೂ ಏಣಿ ಹತ್ತಿದ. ಎಲ್ಲರೂ ಹತ್ತುವಾಗ ಹತ್ತಿದರೆ ಅದು ನಾಚಿಕೆಯಲ್ಲ. ಅರ್ಧದಲ್ಲಿ ನಿಂತು ಸಿಳ್ಳೆಯ ಉಸಿರು ಎಳೆದುಕೊಂಡು, ಒಳ್ಳೇ ಡೋಲು ಕೊಟ್ಟಿದ್ದೀಯ ಮಗಳಿಗೆ ಎಂದ. ನನಗೆ ಹೇಳಿದನೋ ಏಣಿಗೆ ಹೇಳಿದನೋ ಗೊತ್ತಿಲ್ಲ.

ಸೋಮವಾರ ಸುಗುಣ ಎದ್ದು ಓಡಾಡಿದಳು. ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಸುಮ್ಮನಾದರು. ಏಳಲಾಗದೆ ಉಳಿದವಳು ನಾನು. ಮೈಯೆಲ್ಲ ಕೆಂಡ, ಎದೆಯಲ್ಲಿ ಕಲ್ಲು, ಡೋಲಿಲ್ಲ. ಇಷ್ಟು ವರ್ಷ ಅಟ್ಟದಿಂದ ಬರುತ್ತಿದ್ದ ನರಳಾಟವನ್ನು ನಾಟಕ ಎಂದುಕೊಂಡಿದ್ದೆ. ಪೂರ್ತಿ ನಾಟಕವಲ್ಲ ಎಂದು ಈಗ ತಿಳಿಯಿತು, ಮುಕ್ಕಾಲು ಪಾಲು ಇರಬಹುದು. ಆದರೂ ಒಲೆ ಹಚ್ಚಿ, ಗಂಜಿ ಮಾಡಿ, ಬುಟ್ಟಿಯನ್ನು ಮೇಲಕ್ಕೆ ಕಳಿಸಿದೆ. ಉಪ್ಪು ಸಾಲದು ಎಂಬ ಮಾತು ಬರಲಿಲ್ಲ. ಏಣಿಯ ಬುಡದಲ್ಲಿ ಕಿವಿಯಿಟ್ಟೆ. ಮೇಲೆ ಜವರಪ್ಪ ಕೆಮ್ಮುತ್ತಿದ್ದ. ಎಲ್ಲಿಂದ ಬಂತು ಎಂದು ಕೇಳುವ ಹಾಗಿರಲಿಲ್ಲ, ಒಂದೇ ಕೋಣೆಯಲ್ಲಿ ನಾನೇ ಕೊಟ್ಟದ್ದು. ಅವನ ಎದೆಯಲ್ಲೂ ಡೋಲಿರಲಿಲ್ಲ. ಆ ದಿನವೆಲ್ಲ ನಾನು ಕೆಳಗೆ ಗೋಡೆಗೊರಗಿ, ಅವನು ಮೇಲೆ ಹಲಗೆಯ ಮೇಲೆ ಮಲಗಿ, ಇಬ್ಬರೂ ಒಂದೇ ಬಸ್ಸಿಗೆ ಕಾಯುವವರ ಹಾಗೆ ಕಾದೆವು. ಒಂದೇ ಸಮಾಧಾನವೆಂದರೆ ಈ ಸಲ ಅವನು ಮೂಟೆ ಹೊತ್ತಿರಲಿಲ್ಲ, ಅಖಾಡದಲ್ಲಿ ಕುಣಿದಿರಲಿಲ್ಲ. ಜ್ವರ ಏರುವ ಮೊದಲೇ ಮಲಗಿದ್ದ.

ಮಂಗಳವಾರ ಮಧ್ಯಾಹ್ನ ಮೇಲಿನಿಂದ ಒಂದು ಏಟು ಕೇಳಿತು. ಅಟ್ಟದಲ್ಲಿ ಏನೋ ಬಿತ್ತು ಎಂದುಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಮುದಿ ಎತ್ತು ಏರು ಹತ್ತುವ ಹಾಗೆ, ಬಿಟ್ಟು ಬಿಟ್ಟು, ಆದರೆ ನಿಲ್ಲದೆ, ಅವನ ಡೋಲು ಶುರುವಾಗಿತ್ತು. ನಾನು ಸೆರಗಿನಲ್ಲಿ ಮುಖ ಒರೆಸಿಕೊಂಡೆ, ಮೂಗಿನದೋ ಕಣ್ಣಿನದೋ ನೋಡಲು ಹೋಗಲಿಲ್ಲ. ಗಂಜಿ ಇಡೋಣವೆಂದು ಏಳುವಷ್ಟರಲ್ಲಿ ಇನ್ನೊಂದು ಸದ್ದು ಕೇಳಿತು, ಅದೇ ನಿಧಾನದ್ದು, ಆದರೆ ಮೇಲಿನದಲ್ಲ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸುಗುಣ ಒಳಗೆ ಓಡಿಬಂದು ನನ್ನ ಎದೆಗೆ ಕಿವಿಯಿಟ್ಟು ನಕ್ಕಳು. ಅಪ್ಪಂದೂ ನಿಂದೂ ಜೋಡಿ ಡೋಲು ಕಣಮ್ಮ ಎಂದಳು. ಆಮೇಲೆ ನನ್ನ ಕೈಯಿಂದ ಸೌಟು ಕಿತ್ತುಕೊಂಡು, ತಡದ ಡೋಲಿನವರೆಲ್ಲ ಅಟ್ಟಕ್ಕೆ, ನಿಯಮ ನಿಯಮವೇ ಎಂದು ಬೋರಲಿಂಗಯ್ಯನವರ ಗಂಟಲಲ್ಲಿ ಹೇಳಿದಳು.

ಮದುವೆಯಾದಂದಿನಿಂದ ಆ ಅಟ್ಟಕ್ಕೆ ನಾನು ಲೆಕ್ಕವಿಲ್ಲದಷ್ಟು ಗಂಜಿ ಕಳಿಸಿದ್ದೇನೆ, ಮಲಗಲು ಒಮ್ಮೆಯೂ ಹತ್ತಿರಲಿಲ್ಲ. ಮೆಟ್ಟಿಲಿಗೊಮ್ಮೆ ನಿಂತು ಉಸಿರು ಎಳೆದುಕೊಂಡೆ. ಮೇಲೆ ಸಣ್ಣ ಕಿಟಕಿಯಿಂದ ಗಾಳಿ, ಮೆತ್ತನೆಯ ಹಾಸಿಗೆ, ದಿಂಬು ಎರಡೆರಡು. ಜವರಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿ, ಗೋಡೆಯ ಕಡೆಗೆ ಸರಿದು, ದಿಂಬುಗಳಲ್ಲಿ ಒಳ್ಳೆಯದನ್ನು ನನ್ನ ಕಡೆ ತಳ್ಳಿದ. ಪಕ್ಕದ ಅಟ್ಟದಿಂದ ಯಾರೋ ಕೂಗಿ, ಕಾಳಸ್ವಾಮಿಗೂ ಡೋಲು ಬಂತಂತೆ, ಉಳಿದ ಎಂದರು. ಕಟ್ಟೆಯ ಮೇಲೆ ಈಗ ರಾಜಮ್ಮಣ್ಣಿ ಕೂತಿದ್ದಾಳಂತೆ. ಗೋಡೆಯ ಬರಹದಲ್ಲಿ ಡೋಲು ಎಂಬುದರ ಪಕ್ಕ ಇದ್ದ ಇಕ್ಕಟ್ಟು ಜಾಗದಲ್ಲೇ ‘ಅಥವಾ ಮೂಗು’ ಎಂದು ಅವಳೇ ಸುಣ್ಣದಲ್ಲಿ ಬರೆಸಿದಳಂತೆ. ನಾನು ಮಲಗಿದೆ. ಹಗಲು ಹೊತ್ತಿನಲ್ಲಿ ಮಲಗಿ ಸೂರನ್ನು ನೋಡುವುದು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮಿಬ್ಬರ ಡೋಲುಗಳು ಒಂದಕ್ಕೊಂದು ದಾರಿ ಬಿಡುತ್ತ, ಆತುರವಿಲ್ಲದೆ ಬಾರಿಸುತ್ತಿದ್ದವು.

ಹಗ್ಗ ಕಿರುಗುಟ್ಟಿ ಬುಟ್ಟಿ ಮೇಲೆ ಬಂತು. ಸುಗುಣ ಮಾಡಿದ ಗಂಜಿ ಬಿಸಿಯಾಗಿತ್ತು, ಹದವಾಗಿತ್ತು, ಉಪ್ಪು ಎಷ್ಟಿರಬೇಕೋ ಅಷ್ಟೇ ಇತ್ತು. ನಾನು ಇನ್ನೊಂದು ಚಮಚ ಕುಡಿದು ನೋಡಿದೆ. ಏನೂ ಕಡಿಮೆಯಿರಲಿಲ್ಲ. ಜವರಪ್ಪ ಬಾಯಿ ತೆರೆಯುವುದನ್ನು ಕಂಡು ಅವನ ಕೈ ಹಿಡಿದು ತಡೆದೆ. ಆಮೇಲೆ ಅಟ್ಟದ ಬಾಯಿಯವರೆಗೆ ಮೊಣಕೈಯ ಮೇಲೆ ತೆವಳಿ, ಕೆಳಗೆ ಬಗ್ಗಿ ಕೂಗಿದೆ.

"ಉಪ್ಪು ಸಾಲ್ದು ಕಣೇ."